ಮೌಖಿಕ ಒಪ್ಪಿಗೆ

ಮಾರ್ಚ್ 4, ಸೋಮವಾರ

ಇವತ್ತು ಒಂದೇ ದಿನ ಆರು ಜನರ ಕಿವಿಗೆ ಹೊಸ ಶ್ರವಣಯಂತ್ರ ಜೋಡಿಸಿದೆ. ಒಬ್ಬೊಬ್ಬರದೂ ಇಪ್ಪತ್ತು ನಿಮಿಷದೊಳಗೆ ಮುಗಿಯಿತು. ಮ್ಯಾನೇಜರ್ ಗಾಜಿನ ಆಚೆಯಿಂದ ಹೆಬ್ಬೆರಳೆತ್ತಿ ತೋರಿಸಿದರು.

ಈ ಮಾದರಿ ಬಂದು ಏಳು ತಿಂಗಳಾಯಿತು. ಫೋನಿನ ಜೊತೆ ಸೇರಿ ಕೆಲಸ ಮಾಡುವ ಯಂತ್ರವಾದ್ದರಿಂದ ನನ್ನ ಕ್ರಮವೂ ಬದಲಾಗಿದೆ. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ ಅವರ ಹಳೆಯ ಯಂತ್ರ ಬಿಚ್ಚಿ ಟ್ರೇಯಲ್ಲಿಡುತ್ತೇನೆ. ಕಿವಿಯ ಅಚ್ಚು ತೆಗೆಯಲು ಗುಲಾಬಿ ಬಣ್ಣದ ಮೆದು ಪೇಸ್ಟನ್ನು ಎರಡೂ ಕಿವಿಗೆ ತುಂಬುತ್ತೇನೆ. ಅದು ಗಟ್ಟಿಯಾಗಲು ಐದು ನಿಮಿಷ ಬೇಕು. ಆ ಐದು ನಿಮಿಷ ಸುಮ್ಮನೆ ಹೋಗಬಾರದೆಂದು ಅವರ ಫೋನು ಇಸಿದುಕೊಂಡು ಕಂಪನಿಯ ಆ್ಯಪ್ ಹಾಕುತ್ತೇನೆ. ಅದು ಕೇಳಿದ್ದಕ್ಕೆಲ್ಲ ‘ಅನುಮತಿಸಿ’ ಒತ್ತುತ್ತೇನೆ. ಮನೆಯವರೊಬ್ಬರ ನಂಬರು ತುಂಬುತ್ತೇನೆ. ಕೊನೆಗೆ ‘ಗ್ರಾಹಕರ ಮೌಖಿಕ ಒಪ್ಪಿಗೆ ಪಡೆಯಲಾಗಿದೆ’ ಎಂಬ ಚೌಕಕ್ಕೆ ಗುರುತು ಹಾಕಿ, ಅಚ್ಚು ಎಳೆದು, ಹೊಸ ಯಂತ್ರ ತೊಡಿಸುತ್ತೇನೆ. ಅಚ್ಚು ಹಿಂದಿನ ಕೋಣೆಗೆ ಹೋಗುತ್ತದೆ, ಅದನ್ನು ಉಜ್ಜಿ ತಿದ್ದುವ ಅಚ್ಚಿನಣ್ಣನ ಬಳಿಗೆ. ಅಷ್ಟೆ.

ಅಪ್ಪನಿಗೂ ಇದೇ ಯಂತ್ರ ಹಾಕಿದ್ದೇನೆ. ಇವತ್ತು 11.40ರಿಂದ 1.15ರ ವರೆಗೆ ಅದನ್ನು ತೆಗೆದಿಟ್ಟಿದ್ದರು. ಆ್ಯಪಿನಿಂದ ನನ್ನ ಫೋನಿನಲ್ಲಿ ಆಗಿಂದಾಗಲೇ ಕಾಣುತ್ತದೆ. ಸಂಜೆ ಕೇಳಿದರೆ, “ಹಾಕ್ಕೊಂಡೇ ಇದ್ದೆನಲ್ಲ ಪುಟ್ಟಿ” ಎಂದರು. ಹದಿನೈದು ದಿನಗಳಲ್ಲಿ ಇದು ನಾಲ್ಕನೆಯ ಸುಳ್ಳು.

ಮಾರ್ಚ್ 7, ಗುರುವಾರ

ಟೈಲರಮ್ಮ ಬಂದಿದ್ದರು. ಅರವತ್ತೆಂಟು ವರ್ಷ, ಎಡಗಿವಿ ಎಪ್ಪತ್ತು ಡೆಸಿಬೆಲ್ ಮಂದ, ಬಲ ಐವತ್ತೈದು. ಎರಡು ತಿಂಗಳ ಹಿಂದೆ ನಾನೇ ಜೋಡಿಸಿದ್ದೆ. ಯಂತ್ರ ಕಿವಿಯಲ್ಲಿರಲಿಲ್ಲ, ಮುಷ್ಟಿಯಲ್ಲಿತ್ತು. ಸತ್ತ ಜೀರುಂಡೆಗಳನ್ನು ಎಸೆಯುವ ಹಾಗೆ ಎರಡನ್ನೂ ನನ್ನ ಟ್ರೇಗೆ ಹಾಕಿದರು.

“ತಗೋ. ಇದು ಚಾಡಿ ಹೇಳುತ್ತೆ,” ಎಂದರು.

ಅವರು ಹೇಳಿದ್ದನ್ನು ಕ್ರಮವಾಗಿ ಬರೆಯುತ್ತೇನೆ. ಟೈಲರಮ್ಮನ ತಂಗಿಗೂ ಮಗನಿಗೂ ಹನ್ನೊಂದು ವರ್ಷದಿಂದ ಮಾತಿಲ್ಲ. ಇವರು ಮಾತ್ರ ಪ್ರತಿ ಗುರುವಾರ ಮಧ್ಯಾಹ್ನ, ದಾರ ಗುಂಡಿ ತರುತ್ತೇನೆಂದು ಮಗನಿಗೆ ಹೇಳಿ, ಅವನಿಗೆ ವಿಳಾಸ ಗೊತ್ತಿಲ್ಲದ ತಂಗಿಯ ಮನೆಗೆ ಹೋಗಿ ಬರುತ್ತಿದ್ದರು. ನಮ್ಮ ಆ್ಯಪ್ ಪ್ರತಿ ಭಾನುವಾರ ಮನೆಯವರ ನಂಬರಿಗೆ ‘ಕುಟುಂಬ ವರದಿ’ ಕಳಿಸುತ್ತದೆ. ಎಲ್ಲಿಗೆ ಹೋದರು, ಎಷ್ಟು ಹೊತ್ತಿದ್ದರು, ಅಲ್ಲಿ ಎಷ್ಟು ನಿಮಿಷ ಮಾತು ಕೇಳಿಸಿಕೊಂಡರು ಎಂಬುದೆಲ್ಲ ಅದರಲ್ಲಿರುತ್ತದೆ. ಮಗನಿಗೆ ಹೋದ ವರದಿಯನ್ನು ತೋರಿಸಿದರು. ಗುರುವಾರ, 2 ಗಂಟೆ 10 ನಿಮಿಷ, ಸಂಭಾಷಣೆ 96 ನಿಮಿಷ. ಕೆಳಗೆ ನಕ್ಷೆ, ನಕ್ಷೆಯಲ್ಲಿ ಕೆಂಪು ಚುಕ್ಕೆ. ಮಗ ಆ ಚುಕ್ಕೆಯನ್ನು ಹುಡುಕಿಕೊಂಡು ಹೋಗಿ, ಬೀದಿಯಲ್ಲಿ ನಿಂತು, ಅಕ್ಕಪಕ್ಕದವರೆಲ್ಲ ಹೊರಗೆ ಬರುವಷ್ಟು ಕೂಗಾಡಿ ಬಂದಿದ್ದಾನೆ. ಅಕ್ಕನೇ ವಿಳಾಸ ಕೊಟ್ಟು ಕಳಿಸಿದ್ದಾಳೆಂದು ತಂಗಿ ನಂಬಿದ್ದಾಳೆ. ಈಗ ಬಾಗಿಲು ತೆಗೆಯುತ್ತಿಲ್ಲ.

“ನಾನು ಯಾವಾಗ ಹೂಂ ಅಂದೆ ಮಗಳೇ? ನೆನಪು ಮಾಡ್ಕೊಂಡು ಹೇಳು. ನಂಗೆ ಕಿವಿ ಮಂದ, ಬುದ್ಧಿ ಮಂದ ಅಲ್ಲ.”

ಕಂಪ್ಯೂಟರಿನಲ್ಲಿ ಅವರ ದಾಖಲೆ ತೆಗೆದೆ. ಪೇಸ್ಟ್ ತುಂಬಿದ್ದು 2.11ಕ್ಕೆ. ಮೌಖಿಕ ಒಪ್ಪಿಗೆ 2.14ಕ್ಕೆ. ಅಚ್ಚು ತೆಗೆದದ್ದು 2.16ಕ್ಕೆ. ಅಂದರೆ ಎರಡೂ ಕಿವಿಗೆ ಪೇಸ್ಟ್ ತುಂಬಿಕೊಂಡು ಕೂತಿದ್ದವರು ನಾನು ಕೇಳದೆ ಇದ್ದ ಪ್ರಶ್ನೆಗೆ ಹೂಂ ಎಂದಿದ್ದಾರೆ.

ವರದಿ ನಿಲ್ಲಿಸಿದೆ. ಅರ್ಧ ನಿಮಿಷದ ಕೆಲಸ. ತಂಗಿಯ ಬಾಗಿಲಿನ ಸ್ವಿಚ್ಚು ಆ್ಯಪಿನಲ್ಲಿಲ್ಲ.

“ಬರೆದು ಕೊಡು,” ಎಂದರು. “ನಾನು ಹೇಳಿಲ್ಲ, ನೀನು ಒತ್ತಿದ್ದು ಅಂತ. ನನ್ನ ಬಾಯಿ ಮಾತು ಅವಳು ನಂಬಲ್ಲ. ಕಾಗದ ನಂಬ್ತಾಳೆ.”

ಮ್ಯಾನೇಜರನ್ನು ಕೇಳಿ ಹೇಳುತ್ತೇನೆ ಎಂದೆ. ಅವರಿಗೆ ಕೇಳಿಸಲಿಲ್ಲ. ಯಂತ್ರ ಟ್ರೇಯಲ್ಲಿತ್ತು. ಕೇಳಿಸದಿದ್ದದ್ದೇ ಒಳ್ಳೆಯದಾಯಿತು, ಹೇಡಿ ಮಾತು ಅದು.

ಮಾರ್ಚ್ 8, ಶುಕ್ರವಾರ

ಮ್ಯಾನೇಜರ್ ಕೆಟ್ಟವರಲ್ಲ. ಮೊದಲು ಚಹಾ ತರಿಸಿದರು, ಆಮೇಲೆ ಬಾಗಿಲು ಹಾಕಿದರು.

“ನೀವು ಬರೆದು ಕೊಟ್ರೆ ಅದು ಕಂಪನಿ ತಲೆ ಮೇಲೆ ಬರುತ್ತೆ. ಅಲ್ಲಿಂದ ನನ್ನ ತಲೆ. ನನ್ನ ತಲೆಯಿಂದ ಜಾರಿದ್ರೆ ನಿಮ್ಮದೇ. ಬೇಕಾ ಇದೆಲ್ಲ?”

“ಅವರು ಹೂಂ ಅಂದಿಲ್ಲ ಸರ್.”

“ಬೇಡ ಅಂತಲೂ ಅಂದಿಲ್ವಲ್ಲ.”

ಮೇಲಿನ ಕಚೇರಿಯಿಂದ ಒಂದು ಹಾಳೆ ಬಂದಿದೆಯಂತೆ. ಕಳೆದ ಏಳು ತಿಂಗಳಲ್ಲಿ ನಾನು ಜೋಡಿಸಿದ 212 ಜನರಿಗೂ ಅನುಮತಿಗಳನ್ನು ವಿವರಿಸಿ ಮೌಖಿಕ ಒಪ್ಪಿಗೆ ಪಡೆದಿದ್ದೇನೆ ಎಂದು ನಾನು ಸಹಿ ಹಾಕಬೇಕು. ತಿಂಗಳ ಕೊನೆಯಲ್ಲಿ ಅಲ್ಲಿಯ ಅಧಿಕಾರಿ ಬಂದು ಅದನ್ನು ತೆಗೆದುಕೊಂಡು ಹೋಗುತ್ತಾರೆ. ಸಹಿಯಿದ್ದರೆ ಟೈಲರಮ್ಮನ ದೂರು ಅಲ್ಲಿಗೇ ಮುಗಿಯಿತು. ಸಹಿ ಇಲ್ಲದಿದ್ದರೆ ನನ್ನ ಲಾಗಿನ್ ಮುಗಿಯಿತು. ಲಾಗಿನ್ ಇಲ್ಲದೆ ಯಂತ್ರ ಜೋಡಿಸಲು ಆಗುವುದಿಲ್ಲ.

ಹಿಂದಿನ ಕೋಣೆಯಲ್ಲಿ ಅಚ್ಚಿನಣ್ಣ ಉಜ್ಜುಕಾಗದ ಕೆಳಗಿಟ್ಟು ಕೇಳಿದ. “ಹಾಕ್ತೀಯಾ?”

“ಗೊತ್ತಿಲ್ಲ.”

“ಹತ್ತೊಂಬತ್ತು ವರ್ಷದಲ್ಲಿ ನಿನ್ನ ಬಾಯಲ್ಲಿ ಈ ಮಾತು ಮೊದಲ ಸಲ ಕೇಳಿದ್ದು,” ಎಂದು ಮತ್ತೆ ಉಜ್ಜತೊಡಗಿದ.

ಮಾರ್ಚ್ 10, ಭಾನುವಾರ

ಹಳೆಯ ಫೋನೊಂದನ್ನು ತೆಗೆದು, ಪರೀಕ್ಷೆಗಿಟ್ಟ ಯಂತ್ರ ತಂದು, ಬೆಳಗಿನಿಂದ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ಆ್ಯಪ್ ಕೇಳುವುದು ಏಳು: ಸುತ್ತಲಿನ ಸಾಧನಗಳ (ಬ್ಲೂಟೂತ್) ಸಂಪರ್ಕ, ಸ್ಥಳ, ಮೈಕ್, ಫೋನಿನಲ್ಲಿರುವ ಹೆಸರು ನಂಬರುಗಳು, ಯಾರ ಜೊತೆ ಯಾವಾಗ ಮಾತಾಡಿದೆವೆಂಬ ಪಟ್ಟಿ, ಫೋಟೊಗಳು, ನಡೆದಾಟ. ಏಳು ತಿಂಗಳು ದಿನವೂ ಒತ್ತಿದ್ದೇನೆ. ಒಮ್ಮೆಯೂ ಎಣಿಸಿರಲಿಲ್ಲ.

ಒಂದೊಂದನ್ನೇ ತೆಗೆಯುತ್ತ ಹೋದೆ. ನಡೆದಾಟ ತೆಗೆದೆ, ಯಂತ್ರ ಕೇಳಿಸುತ್ತದೆ. ಫೋಟೊ ತೆಗೆದೆ, ಕೇಳಿಸುತ್ತದೆ. ಹೆಸರು ನಂಬರು ತೆಗೆದೆ, ಕೇಳಿಸುತ್ತದೆ. ಮೈಕಿಗೆ ಒಂದು ಉಪಯೋಗವಿದೆ. ಗದ್ದಲದಲ್ಲಿ ಫೋನನ್ನು ಎದುರಿನವರ ಮುಂದಿಟ್ಟರೆ ಅವರ ಮಾತು ಕಿವಿಗೆ ಬರುತ್ತದೆ, ಬೇಕಾದವರು ಬೇಕಾದಾಗ ಕೊಟ್ಟರೆ ಸಾಕು. ಸ್ಥಳವನ್ನು ಈ ಹಳೆಯ ಫೋನು ಜೋಡಿಸುವಾಗ ಒಮ್ಮೆ ಕೇಳಿತು. ಆಮೇಲೆ ತೆಗೆದರೆ ಏನೂ ಆಗಲಿಲ್ಲ. ಕೊನೆಗೆ ಉಳಿದದ್ದು ಸಂಪರ್ಕ ಒಂದೇ. ಏಳರಲ್ಲಿ ಒಂದು. ಉಳಿದ ಆರು ಯಾಕೆ ಬೇಕೆಂದು ಆ್ಯಪಿನ ನಿಯಮಗಳನ್ನು ಓದಿದೆ. ಮೂವತ್ತೊಂದು ಪುಟ. ‘ಸೇವೆಯ ಗುಣಮಟ್ಟವನ್ನು ಉತ್ತಮಪಡಿಸುವ ಸಲುವಾಗಿ’ ಎಂದು ಹದಿನೇಳು ಕಡೆ ಇದೆ. ಬೇರೆ ಕಾರಣ ಒಂದು ಕಡೆಯೂ ಇಲ್ಲ.

ಅಪ್ಪ ಬಂದು ಹೆಗಲ ಮೇಲಿಂದ ಇಣುಕಿದರು. ಮೂವತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ವಿಷಯ ಹೇಳಿದೆ.

“ನಮ್ಮ ಹತ್ರಾನೂ ಕೇಳಿಸಿಕೊಳ್ಳೋ ಕೀಲಿ ಇತ್ತು,” ಎಂದರು. “ಲೈನ್ ಸೇರಿತಾ ಅಂತ ನೋಡೋಕೆ. ಹಲೋ ಹಲೋ ಅಂತ ಎರಡೂ ಕಡೆ ಬಂದ ತಕ್ಷಣ ಕೀಲಿ ಎತ್ತಬೇಕು. ಆಮೇಲೂ ಹಿಡ್ಕೊಂಡು ಕೂತವನನ್ನ ನಾವು ಮನುಷ್ಯ ಅಂತ ಲೆಕ್ಕಕ್ಕೆ ತಗೋತಿರಲಿಲ್ಲ.”

“ಒಂದು ಸಲವೂ ಹಿಡಿದಿಲ್ವಾ ಅಪ್ಪ?”

“ಒಂದು ಸಲ. ನಿಮ್ಮಮ್ಮನ ಮನೆ ಲೈನು. ಮದುವೆಗೆ ಮುಂಚೆ. ನನ್ನ ಮೂಗಿನ ಬಗ್ಗೆ ಮಾತಾಡ್ತಿದ್ರು. ತಕ್ಕ ಶಾಸ್ತಿ,” ಎಂದರು.

ಅವರು ಇವತ್ತು 3.05ರಿಂದ 4.30ರ ವರೆಗೆ ಯಂತ್ರ ತೆಗೆದಿದ್ದರು. ಅದನ್ನು ಕೇಳಲು ಮರೆತೆ.

ಮಾರ್ಚ್ 12, ಮಂಗಳವಾರ

ಇವತ್ತಿನಿಂದ ಕೇಳಿ ಒತ್ತುತ್ತಿದ್ದೇನೆ.

ಕಿವಿ ತುಂಬಿಕೊಂಡವರನ್ನು ಬಾಯಲ್ಲಿ ಕೇಳಿ ಪ್ರಯೋಜನವಿಲ್ಲ. ಉಗ್ರಾಣದಿಂದ ಬಿಳಿ ಬೋರ್ಡು ತಂದು ಕುರ್ಚಿಯ ಎದುರು ನಿಲ್ಲಿಸಿದೆ. ಪೇಸ್ಟ್ ಗಟ್ಟಿಯಾಗುವ ಐದು ನಿಮಿಷದಲ್ಲಿ ಒಂದೊಂದು ಅನುಮತಿಯನ್ನೂ ಬೆರಳುದ್ದದ ಅಕ್ಷರದಲ್ಲಿ ಬರೆದು ತೋರಿಸುತ್ತೇನೆ. ಏನು ಕೇಳುತ್ತಿದೆ, ಯಾಕೆ, ಕೊಡದಿದ್ದರೆ ಏನಾಗುತ್ತದೆ. ಐದು ನಿಮಿಷ ಸಾಲುವುದಿಲ್ಲ.

ಮೊದಲನೆಯವರು ನಿವೃತ್ತ ಬಸ್ ಕಂಡಕ್ಟರ್. ಎರಡೂ ಕಿವಿ ಅರವತ್ತೈದು. ಎಂಜಿನ್ನಿನ ಪಕ್ಕ ಮೂವತ್ತು ವರ್ಷ ನಿಂತದ್ದರ ಫಲ. ‘ನಿಮ್ಮ ಫೋನಿನಲ್ಲಿರುವ ಎಲ್ಲರ ಹೆಸರು, ನಂಬರು ಕಂಪನಿಗೆ ಬೇಕಂತೆ. ಕೊಡಲಾ?’ ಎಂದು ಬರೆದೆ.

“ಯಾಕಂತೆ?” ಕೇಳಿಸದವರು ಮಾತಾಡುವ ಹಾಗೆ ಅಂಗಡಿಯೆಲ್ಲ ತುಂಬುವ ದನಿ.

‘ಸರಿಯಾಗಿ ಹೇಳಿಲ್ಲ.’

“ಹೇಳಿಲ್ವಾ? ಎಲ್ಲಿ ಇಳೀತೀಯಪ್ಪ ಅಂದ್ರೆ ಹೇಳದೆ ಇರೋನಿಗೆ ನಾನು ಟಿಕೆಟ್ಟೇ ಕೊಡ್ತಿರಲಿಲ್ಲ. ಇಳಿಸಿಬಿಡು ಅವನನ್ನ.”

ಫೋಟೊ ಎಂದು ಬರೆದೆ. “ಇಳಿಸು.” ನಡೆದಾಟ. “ಮಂಡಿ ನೋವು ನಂದು, ನಡೆದಾಟ ಅವನಿಗಾ? ಇಳಿಸು.” ಹೊರಗೆ ಕಾಯುತ್ತಿದ್ದವರು ನಗುವುದು ನನಗೆ ಕೇಳಿಸಿತು. ಸಂಪರ್ಕ ಒಂದನ್ನು ಮಾತ್ರ ಉಳಿಸಿದೆ. ಯಂತ್ರ ಹಾಕಿದ ಮೇಲೆ ಅವರು ನನ್ನ ಗಡಿಯಾರದ ಟಿಕ್ ಟಿಕ್ ಕೇಳಿ, “ಇದು ಮುಂಚೇನೂ ಇತ್ತಾ?” ಎಂದು ಪಿಸುಮಾತಿನಲ್ಲಿ ಕೇಳಿದರು.

ಮೂವತ್ತೆಂಟು ನಿಮಿಷ. ಹೆಬ್ಬೆರಳು ಏಳಲಿಲ್ಲ.

ಮಾರ್ಚ್ 15, ಶುಕ್ರವಾರ

ಎಲ್ಲರೂ ಬೇಡ ಎನ್ನುತ್ತಾರೆಂದು ನಾನು ಅಂದುಕೊಂಡಿದ್ದೆ. ಅದೂ ಅವರ ಪರವಾಗಿ ನಾನೇ ಉತ್ತರ ಕೊಟ್ಟ ಹಾಗೆ.

ಇವತ್ತು ಒಬ್ಬ ನಿವೃತ್ತ ನರ್ಸ್. ಒಬ್ಬರೇ ಇರುತ್ತಾರೆ, ಇಸ್ತ್ರಿ ಮಾಡಿದ ಕೈವಸ್ತ್ರ, ನೇರ ಬೆನ್ನು. ಮೈಕ್ ಎಂದು ಬರೆದು, ‘ನೀವು ಮಾತಾಡುವುದು ಕಂಪನಿಗೆ ಕೇಳಿಸಬಹುದು’ ಎಂದು ಕೆಳಗೆ ಸೇರಿಸಿದೆ. ಅವರು ಎರಡು ಸಲ ಓದಿದರು.

“ಕೊಡಮ್ಮ. ಯಾರೋ ಒಬ್ಬರು ಕೇಳಿಸಿಕೊಳ್ಳಲಿ.”

‘ನಿಜವಾಗಿಯೂ?’ ಎಂದು ಬರೆದೆ.

“ನೀನು ಕೇಳಿದೆ, ನಾನು ಹೇಳಿದೆ. ಈಗ ಮುಖ ಯಾಕೆ ಹಾಗೆ ಮಾಡ್ತೀಯ? ಹಿಂದೆ ಇಂಜೆಕ್ಷನ್ ಬೇಡ ಅಂದೋರನ್ನೂ ನೋಡಿದೀನಿ, ಎರಡು ಕೊಡಿ ಅಂದೋರನ್ನೂ ನೋಡಿದೀನಿ.”

ಒತ್ತಿದೆ. ಆ ಗುರುತು ಹಾಕುವಾಗ ನನ್ನ ಕೈಗೆ ಸ್ವಲ್ಪವೂ ಅಳುಕಿರಲಿಲ್ಲ.

ಮಾರ್ಚ್ 18, ಸೋಮವಾರ

ಯಾರು ಏನು ಅನುಮತಿ ಕೊಟ್ಟರೆಂದು ಮೇಲಿನ ಕಚೇರಿಗೆ ಆಗಿಂದಾಗಲೇ ಕಾಣುತ್ತದಂತೆ. ನಮ್ಮ ಶಾಖೆ ಯಾವಾಗಲೂ ನೂರಕ್ಕೆ ನೂರು. ಹೋದ ವಾರ ಮೂವತ್ತೊಂದು.

“ಗಿರಾಕಿಗಳನ್ನ ಹೆದರಿಸ್ತಿದೀರಿ ನೀವು,” ಎಂದರು ಮ್ಯಾನೇಜರ್.

“ಓದಿಸ್ತಿದೀನಿ ಸರ್.”

“ಓದಿದ್ರೆ ಹೆದರ್ತಾರಲ್ಲ!”

“ಹಾಗಾದ್ರೆ ತಪ್ಪು ಓದಿದವರದಾ, ಬರೆದವರದಾ?”

ಅವರು ನನ್ನನ್ನೇ ನೋಡಿದರು. ನಾನು ಎದುರು ಮಾತಾಡುವವಳಲ್ಲವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆಮೇಲೆ ದನಿ ಇಳಿಸಿ ಹೇಳಿದರು. “ನೋಡಿ, ನನಗೂ ಇಬ್ಬರು ಮಕ್ಕಳು. ಒಂದು ಸಹಿ. ಆ ಮುದುಕಿಗೂ ಅವಳ ತಂಗಿಗೂ ಮಧ್ಯೆ ನಾವ್ಯಾಕೆ?”

“ನಡುವೆ ಹೋದದ್ದೇ ನಾವು ಸರ್.”

ಮಾರ್ಚ್ 20, ಬುಧವಾರ

ಬೋರ್ಡು ಕಾಣೆಯಾಗಿದೆ. ಸುಣ್ಣ ಹೊಡೆಯುವವರು ಬರುತ್ತಾರೆಂದು ತೆಗೆದಿಟ್ಟಿದ್ದಾರಂತೆ. ಯಾರೂ ಬರಲಿಲ್ಲ. ಅಚ್ಚಿನ ಡಬ್ಬಿಗಳ ರಟ್ಟು ಬಿಡಿಸಿ ಹಿಂಬದಿಯಲ್ಲಿ ಬರೆದೆ. ಮೂರು ಜನ, ಮೂರು ರಟ್ಟು.

ಮಾರ್ಚ್ 23, ಶನಿವಾರ

ಅಚ್ಚಿನಣ್ಣ ಎಲ್ಲಿಂದಲೋ ಬೋರ್ಡು ಪತ್ತೆ ಮಾಡಿ ನನ್ನ ಕೋಣೆಯಲ್ಲಿಟ್ಟು ಹೋಗಿದ್ದಾನೆ. ಅದಕ್ಕೆ ಹೊಸ ಮಾರ್ಕರು ಕಟ್ಟಿತ್ತು, ದಾರದಿಂದ, ಯಾರೂ ಒಯ್ಯದ ಹಾಗೆ.

ಸಂಜೆ ಮನೆಯಲ್ಲಿ ವಾಕ್ಯಗಳನ್ನು ಚಿಕ್ಕದು ಮಾಡುತ್ತ ಕೂತೆ. ಎಷ್ಟು ದೂರದಿಂದ ಓದಲಾಗುತ್ತದೆಂದು ನೋಡಲು ಅಪ್ಪನನ್ನು ಎದುರಿಗೆ ಕೂರಿಸಿಕೊಂಡೆ. ‘ನೀವು ಎಲ್ಲಿದ್ದೀರೆಂದು ಬೇರೆಯವರಿಗೆ ಸದಾ ಕಾಣುತ್ತಿರಲಿ ಎನ್ನುತ್ತೀರಾ?’ ಎಂದು ಬರೆದ ಹಾಳೆ ಎತ್ತಿ ಹಿಡಿದೆ.

“ಬೇಡ,” ಎಂದರು.

‘ಯಂತ್ರವನ್ನು ಯಾವಾಗ ಹಾಕಿದಿರಿ, ಯಾವಾಗ ತೆಗೆದಿರಿ ಎಂದು ಮನೆಯವರಿಗೆ ತಿಳಿಯಲಿ ಎನ್ನುತ್ತೀರಾ?’

“ಬೇಡ.”

“ಉತ್ತರ ಹೇಳ್ಬೇಕಾಗಿಲ್ಲ ಅಪ್ಪ. ಇದು ಅಭ್ಯಾಸಕ್ಕೆ. ಅಕ್ಷರ ಕಾಣುತ್ತಾ ಅಷ್ಟೇ ಹೇಳಿ.”

“ನೀನು ಅಭ್ಯಾಸಕ್ಕೆ ಕೇಳಿರಬಹುದು. ನನ್ನ ಉತ್ತರ ಅಭ್ಯಾಸದ್ದಲ್ಲ.” ಕನ್ನಡಕ ತೆಗೆದು ಒರೆಸಿಕೊಂಡರು. “ಅಕ್ಷರ ಚೆನ್ನಾಗಿ ಕಾಣುತ್ತೆ.”

ಮಾರ್ಚ್ 24, ಭಾನುವಾರ

ಬಟ್ಟೆ ಒಗೆದೆ. ಅಪ್ಪನ ಫೋನಿನಲ್ಲಿ ಆ ಆರು ಅನುಮತಿ ತೆಗೆದೆ, ನನ್ನ ಫೋನಿನಿಂದ ಅವರ ವರದಿಯನ್ನೂ. ಫ್ಯಾನಿನ ರೆಕ್ಕೆ ಒರೆಸಿದೆ. ಬಿಸಿಲು ಜೋರಾಗಿದೆ.

ಮಾರ್ಚ್ 26, ಮಂಗಳವಾರ

ಐದೂವರೆಗೆ ಮನೆಗೆ ಬಂದರೆ ಅಪ್ಪ ಇರಲಿಲ್ಲ. ಚಪ್ಪಲಿಯೂ ಇರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಎಷ್ಟೋ ಸಲ ಫೋನಿನ ಪರದೆ ತೆಗೆದೆ, ಮುಚ್ಚಿದೆ. ನೋಡಲು ಏನೂ ಇಲ್ಲವೆಂದು ಗೊತ್ತಿದ್ದೂ ತೆಗೆದೆ. ಬೀದಿಯ ತುದಿಯವರೆಗೆ ಹೋಗಿ ಬಂದೆ.

ಆರೂ ಮುಕ್ಕಾಲಿಗೆ ಬಂದರು. ಅಂಗಿಯ ತೋಳಿಗೆ ಒಣ ಹುಲ್ಲು ಅಂಟಿತ್ತು. ಮುಖದಲ್ಲಿ ಏನೋ ಖುಷಿ. ಕಿವಿಯಲ್ಲಿ ಯಂತ್ರವಿತ್ತೋ ಇಲ್ಲವೋ, ನೋಡಿದ ನೆನಪಿಲ್ಲ.

“ಕೈಕಾಲು ತೊಳ್ಕೊಂಡು ಬನ್ನಿ, ಊಟಕ್ಕಿಡ್ತೀನಿ,” ಎಂದೆ.

ನಾಳೆ ಅಧಿಕಾರಿ ಬರುತ್ತಾರೆ.

ಮಾರ್ಚ್ 27, ಬುಧವಾರ

ಆದದ್ದನ್ನು ಆದ ಹಾಗೆಯೇ ಬರೆದಿಡಬೇಕು. ನಾಳೆ ಬೇರೆ ಯಾರಾದರೂ ಬೇರೆ ರೀತಿ ಬರೆಯಬಹುದು.

ಅಧಿಕಾರಿ ನನಗಿಂತ ಹತ್ತು ವರ್ಷ ಚಿಕ್ಕವರು, ಮೃದು ಮಾತು. ಹಾಳೆಯನ್ನು ನನ್ನ ಕಡೆ ತಿರುಗಿಸಿ, ಪೆನ್ನಿನ ಮುಚ್ಚಳವನ್ನೂ ತೆಗೆದು ಕೊಟ್ಟರು. “ಇದು ಬರೀ ಫಾರ್ಮಾಲಿಟಿ ಮೇಡಂ.”

“ನಾನು 212 ಜನರಲ್ಲಿ ಒಬ್ಬರನ್ನೂ ಕೇಳಿಲ್ಲ,” ಎಂದೆ.

“ಕೇಳಿದ್ದೀನಿ ಅಂತ ಪ್ರತಿ ಸಲವೂ ನೀವೇ ಗುರುತು ಹಾಕಿದೀರಲ್ಲ. ಕೇಳಿಲ್ಲ ಅಂದ್ರೆ ಅಷ್ಟೂ ಸುಳ್ಳು ದಾಖಲೆ ಅಂತಾಗುತ್ತೆ. ತಪ್ಪು ಕಂಪನಿದಾಗಲ್ಲ, ನಿಮ್ಮದಾಗುತ್ತೆ. ಯೋಚನೆ ಮಾಡಿ.”

“ಮಾಡಿದೀನಿ. ನನ್ನದೇ. ಇನ್ನೂ ಒಂದು ಸುಳ್ಳು ಸೇರಿಸಿ 213 ಮಾಡಲ್ಲ.”

ಮ್ಯಾನೇಜರ್ ಕಿಟಕಿಯ ಕಡೆ ತಿರುಗಿದರು. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. “ಯಾರೂ ಓದಲ್ಲ ಮೇಡಂ ಇದನ್ನೆಲ್ಲ. ನೀವು ನಿಮ್ಮ ಫೋನಲ್ಲಿ ಓದಿದೀರಾ?”

“ಓದಿರಲಿಲ್ಲ. ಅದಕ್ಕೇ ಹೇಳ್ತಿರೋದು.”

ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ ನನ್ನ ಲಾಗಿನ್ ನಿಂತಿತು. ಕುರ್ಚಿಯಲ್ಲಿ ಕೂತಿದ್ದ ಗಿರಾಕಿಯ ಅಚ್ಚು ಇನ್ನೂ ಹಸಿಯಾಗಿತ್ತು. ಅದನ್ನು ಮಾತ್ರ ತೆಗೆದುಕೊಟ್ಟು ಎದ್ದೆ.

ಅಚ್ಚಿನಣ್ಣ ಹಿಂದಿನ ಕೋಣೆಯಿಂದ ಕರೆದ. “ರಿಜಿಸ್ಟರಿನಲ್ಲಿ 212 ಜನರ ನಂಬರೂ ಇದೆ. ಹೋಗೋದು ಹೋಗ್ತೀಯ, ಬರ್ಕೊಂಡು ಹೋಗು. ಎಲ್ಲರಿಗೂ ಫೋನ್ ಮಾಡಿ ಹೇಳಿಬಿಡು.”

“ಆ ನಂಬರು ಅವರು ಕಿವಿಗೋಸ್ಕರ ಕೊಟ್ಟದ್ದು. ನನಗೆ ಅಂತ ಕೊಟ್ಟದ್ದಲ್ಲ.”

“ಅಯ್ಯೋ ನಿನ್ನ! ಮನೆಗೆ ಬೆಂಕಿ ಬಿದ್ದಿದೆ ಅಂತ ಕೂಗೋಕೂ ಇವಳಿಗೆ ಪರ್ಮಿಷನ್ ಬೇಕು!”

ಅವನು ಹೇಳಿದ್ದರಲ್ಲೂ ಸತ್ಯವಿತ್ತು. ಆದರೂ ಬರೆದುಕೊಳ್ಳಲಿಲ್ಲ. ಬದಲಿಗೆ ಒಂದು ದೊಡ್ಡ ಹಾಳೆಯಲ್ಲಿ ಹೀಗೆ ಬರೆದು ಅಂಗಡಿಯ ಮುಂದಿನ ಗಾಜಿಗೆ ಹೊರಗಿನಿಂದ ಅಂಟಿಸಿದೆ: ‘ನಿಮ್ಮ ಫೋನಿಗೆ ಇಲ್ಲಿ ಆ್ಯಪ್ ಹಾಕಿದವಳು ನಾನು. ಅದು ಏಳು ಅನುಮತಿ ಕೇಳಿತು. ನಿಮ್ಮನ್ನು ಕೇಳದೆ ಏಳನ್ನೂ ಕೊಟ್ಟೆ. ಕಿವಿಗೆ ಬೇಕಾದದ್ದು ಒಂದೇ. ಉಳಿದ ಆರನ್ನು ತೆಗೆಸುವುದು ಬಿಡುವುದು ನಿಮ್ಮ ಇಷ್ಟ. ಕೇಳಿ.’

ರಸ್ತೆಯ ಆಚೆ ನಿಂತು ನೋಡಿದೆ. ಒಂಬತ್ತು ನಿಮಿಷ ಇತ್ತು. ಆಮೇಲೆ ಮ್ಯಾನೇಜರ್ ಬಂದು ಕಿತ್ತರು. ಆ ಒಂಬತ್ತು ನಿಮಿಷದಲ್ಲಿ ಓದಿದವರು ಮೂವರು. ಒಬ್ಬರು ಕಂಡಕ್ಟರ್, ಬ್ಯಾಟರಿ ಕೊಳ್ಳಲು ಬಂದಿದ್ದರು. ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿ, ಜೇಬಿನಿಂದ ಫೋನು ತೆಗೆದು ಹಾಳೆಯ ಚಿತ್ರ ಹಿಡಿದುಕೊಂಡು ಹೋದರು.

ಮಾರ್ಚ್ 28, ಗುರುವಾರ

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕೆಲಸದ ದಿನ ಮನೆಯಲ್ಲಿ. ಹತ್ತು ಗಂಟೆಯವರೆಗೆ ಏನು ಮಾಡಬೇಕೆಂದು ತೋಚಲಿಲ್ಲ. ಆಮೇಲೆ ಕಾಗದ ಬರೆದೆ.

ಟೈಲರಮ್ಮನ ಹೊಲಿಗೆ ಅಂಗಡಿ ಬಸ್ ನಿಲ್ದಾಣದ ಹಿಂದೆ, ಬೋರ್ಡಿರುವುದರಿಂದ ಎಲ್ಲರಿಗೂ ಗೊತ್ತು. ಹೊಲಿಗೆ ಯಂತ್ರದ ಎದುರು ಕೂತು ಕಾಲರು ತಿರುಗಿಸುತ್ತಿದ್ದರು. ಕಾಗದ ಕೊಟ್ಟೆ. ಮೊದಲು ಅದರ ಅಂಚು ಸವರಿ ನೋಡಿ, ಆಮೇಲೆ ಓದಿದರು.

“‘ನಿಮ್ಮ ಅಕ್ಕನ ಅರಿವಿಗೆ ಬಾರದೆ ಅನುಮತಿ ನೀಡಲ್ಪಟ್ಟಿದೆ’ ಅಂತೆ.” ಕನ್ನಡಕದ ಮೇಲಿಂದ ನೋಡಿದರು. “ಇದನ್ನ ನನ್ನ ತಂಗಿಗೆ ಕೊಟ್ರೆ, ಲಾಯರ್ ಹತ್ರ ಬರೆಸಿದೀಯಾ ಅಂತಾಳೆ. ಹೊಲಿಗೆ ತಾನಾಗೇ ಬಿಚ್ಚಿಕೊಳ್ಳಲ್ಲ ಮಗಳೇ, ಯಾರೋ ಬಿಚ್ಚಿರ್ತಾರೆ. ಯಾರು?”

ಅವರ ಇಸ್ತ್ರಿ ಮೇಜಿನ ಮೇಲೆಯೇ ಮತ್ತೆ ಬರೆದೆ. ‘ನಿಮ್ಮ ಅಕ್ಕ ನಿಮ್ಮ ವಿಳಾಸವನ್ನು ಯಾರಿಗೂ ಹೇಳಿಲ್ಲ. ಅವರಿಗೆ ಕೇಳಿಸದಿದ್ದಾಗ ಅವರ ಫೋನು ತೆಗೆದುಕೊಂಡು ನಾನು ಒತ್ತಿದೆ. ಆ ಫೋನು ಅವರ ಮಗನಿಗೆ ಹೇಳಿತು. ತಪ್ಪು ನನ್ನದು.’ ಹೆಸರು, ಸಹಿ, ತಾರೀಖು.

ಅವರು ಓದಿ, ಮಡಿಸಿ, ರವಿಕೆಯೊಳಗೆ ಇಟ್ಟುಕೊಂಡರು. ಅಂಗಡಿಯ ಬಾಗಿಲೆಳೆದು ಬೀಗ ಹಾಕಿದರು. ಎಲ್ಲಿಗೆ ಹೋಗುತ್ತೀರೆಂದು ನಾನು ಕೇಳಲಿಲ್ಲ. ತಂಗಿ ಬಾಗಿಲು ತೆಗೆದಳೋ ಇಲ್ಲವೋ ನನಗೆ ಗೊತ್ತಿಲ್ಲ. ಹೇಳಬೇಕೆನಿಸಿದರೆ ಹೇಳುತ್ತಾರೆ.

ಏಪ್ರಿಲ್ 1, ಸೋಮವಾರ

ಹತ್ತೂವರೆಗೆ ಅಚ್ಚಿನಣ್ಣನ ಫೋನು. “ಬೇಗ ಬಾ. ಎಲ್ಲರೂ ಬಂದು ಕೂತಿದಾರೆ. ಒಬ್ಬರಿಗೂ ಏನೂ ಕೇಳಿಸ್ತಿಲ್ಲ.”

“ಮಿಷನ್ ಕೆಟ್ಟಿದ್ಯಾ?”

“ಮಿಷನ್ ಎಲ್ಲ ಜೇಬಲ್ಲಿದೆ. ನೀನು ಬಾ.”

ಅಂಗಡಿಯಲ್ಲಿರುವುದು ಹನ್ನೊಂದು ಕುರ್ಚಿ. ಹತ್ತೊಂಬತ್ತು ಜನರಿದ್ದರು. ಕೆಲವರು ಅಚ್ಚಿನಣ್ಣನ ಸ್ಟೂಲುಗಳ ಮೇಲೆ, ಕೆಲವರು ಗೋಡೆಗೆ ಒರಗಿ. ಬಾಗಿಲ ಬಳಿಯ ಮೊದಲ ಸೀಟಿನಲ್ಲಿ ಕಂಡಕ್ಟರ್, ಡ್ಯೂಟಿಯಲ್ಲಿರುವವರ ಹಾಗೆ. ಉದ್ಯಾನದ ಕಟ್ಟೆಯಲ್ಲಿ, ಬಸ್ಸಿನಲ್ಲಿ, ಔಷಧಿ ಅಂಗಡಿಯ ಸಾಲಿನಲ್ಲಿ ಕಿವಿಯ ಹಿಂದೆ ಯಂತ್ರವಿರುವ ಯಾರು ಕಂಡರೂ ಅವರು ಆ ಚಿತ್ರ ತೋರಿಸಿದ್ದರಂತೆ. ನರ್ಸ್ ಕೂಡ ಬಂದಿದ್ದರು. ನೀವು ಕೊಟ್ಟಿದ್ದೀರಲ್ಲ ಎಂದು ಸನ್ನೆ ಮಾಡಿದೆ. “ಕೊಟ್ಟಿದೀನಿ. ಯಾಕೆ ತಗೊಂಡರು ಅಂತ ಕೇಳಬಾರದಾ?” ಎಂದರು. ಎಲ್ಲರ ತೊಡೆಯ ಮೇಲೂ ಫೋನು. ಎಲ್ಲರ ಕಿವಿಯೂ ಬರಿದು.

ಮಧ್ಯದಲ್ಲಿ, ಮ್ಯಾನೇಜರ್ ಕರೆಸಿದ್ದ ಅಧಿಕಾರಿ ನಿಂತಿದ್ದರು. “ದಯವಿಟ್ಟು ಎಲ್ಲರೂ ಮಿಷನ್ ಹಾಕ್ಕೊಳ್ಳಿ. ಕೂತು ಮಾತಾಡೋಣ,” ಎಂದರು. ಯಾರೂ ತಿರುಗಲಿಲ್ಲ. ಇನ್ನೂ ಜೋರಾಗಿ ಹೇಳಿದರು. ಹೊರಗೆ ಹೋಗುತ್ತಿದ್ದವನೊಬ್ಬ ತಿರುಗಿ ನೋಡಿದ, ಒಳಗಿನವರಲ್ಲ.

“ಸರ್, ಸುಮ್ಮನೆ ಗಂಟಲು ನೋಯಿಸ್ಕೋಬೇಡಿ,” ಎಂದರು ಕಂಡಕ್ಟರ್. “ನೀವು ಒಪ್ಪಿಗೆ ತಗೊಂಡಾಗ ನಾವು ಹೇಗಿದ್ವೋ ಹಾಗೇ ಬಂದಿದೀವಿ. ಕೇಳೋದಿದ್ರೆ ಬರೆದು ಕೇಳಿ.”

ಅಧಿಕಾರಿ ನನ್ನನ್ನು ನೋಡಿದರು. “ಇದೆಲ್ಲ ನೀವು ಮಾಡಿಸಿದ್ದಾ?”

“ಇಲ್ಲ ಸರ್. ನಾನೂ ಈಗ ಬಂದೆ.”

“ಹಾಗಾದ್ರೆ ನೀವೇ ಇವರಿಗೆ ಹೇಳಿ.”

“ನಾನು ಹೇಳಿದ್ರೂ ಕೇಳಿಸಲ್ಲ.”

ಮ್ಯಾನೇಜರ್ ನನ್ನ ಕೋಣೆಗೆ ಹೋಗಿ ತಾವೇ ಬೋರ್ಡು ಹೊತ್ತು ತಂದು ನಿಲ್ಲಿಸಿದರು. ಅದಕ್ಕೆ ಕಟ್ಟಿದ್ದ ಮಾರ್ಕರನ್ನು ಅಧಿಕಾರಿಯ ಕೈಗೆ ಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದರು.

ಅಧಿಕಾರಿ ಬರೆಯತೊಡಗಿದರು. ‘ಸೇವೆಯ ಗುಣಮಟ್ಟವನ್ನು ಉತ್ತಮಪಡಿಸುವ ಸಲುವಾಗಿ’.

“ಅಕ್ಷರ ಚಿಕ್ಕದಾಯ್ತು,” ಎಂದರು ಹಿಂದಿನ ಸಾಲಿನ ಒಬ್ಬರು.

ಅಳಿಸಿ ದೊಡ್ಡದಾಗಿ ಬರೆದರು. ದೊಡ್ಡ ಅಕ್ಷರದಲ್ಲಿ ಆ ಮಾತು ಬೋರ್ಡಿನಲ್ಲಿ ಹಿಡಿಸಲಿಲ್ಲ. ಮತ್ತೆ ಅಳಿಸಿದರು. ಆ ಮಾತನ್ನು ಬಿಟ್ಟರು. ಕೈಯಿಂದ ಹಣೆ ಒರೆಸಿಕೊಂಡು, ಮೊದಲ ಸಲ ಸಾಮಾನ್ಯ ಮನುಷ್ಯರು ಬರೆಯುವ ಹಾಗೆ ಬರೆದರು:

‘ನಿಮ್ಮ ಫೋನಿನಲ್ಲಿರುವ ಎಲ್ಲರ ಹೆಸರು, ನಂಬರು ನಮಗೆ ಬೇಕು. ಯಾಕೆಂದರೆ’

ಅಲ್ಲಿಗೆ ಕೈ ನಿಂತಿತು. ಮಾರ್ಕರ್ ಬೋರ್ಡಿಗೆ ತಾಗಿಯೇ ಇತ್ತು. ಅದರ ತುದಿಯಲ್ಲಿ ಒಂದು ಕಪ್ಪು ಚುಕ್ಕೆ ನಿಧಾನವಾಗಿ ದೊಡ್ಡದಾಗುತ್ತಿತ್ತು. ಅವರು ಮ್ಯಾನೇಜರನ್ನು ನೋಡಿದರು. ಮ್ಯಾನೇಜರ್ ಅಚ್ಚಿನಣ್ಣನನ್ನು ನೋಡಿದರು. ಅಚ್ಚಿನಣ್ಣ ಸೂರು ನೋಡುತ್ತಿದ್ದ. ನಾನು ಗೋಡೆಗೆ ಒರಗಿದವರ ಸಾಲಿನಲ್ಲಿ ಜಾಗ ಮಾಡಿಕೊಂಡು ನಿಂತೆ.

“ಬರೀರಿ ಸರ್,” ಎಂದರು ಕಂಡಕ್ಟರ್. “ಓದ್ತಾ ಇದೀವಿ.”